ಇನ್ನೂರ ಎಂಬತ್ತಾರು

ಮೀಟರಿನಲ್ಲಿ ಮುನ್ನೂರ ನಲವತ್ತೊಂದು ಎಂದು ಬಂದಾಗ ಬೇಕರಿಯ ಒಳಕೋಣೆಯಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು ಅದರತ್ತ ಬಗ್ಗಿ ನೋಡಿದರು.

"ಇದು ನಿಮ್ದೇನಾ ಮೇಸ್ತ್ರಿ?" ಎಂದಳು ಓನರಮ್ಮ.

"ನನ್ ಬೆರಳು ಅಂದ್ಮೇಲೆ ನಂದೇ ಇರ್ಬೇಕಲ್ಲ," ಎಂದ ಮೇಸ್ತ್ರಿ. ನಗಲು ನೋಡಿದ, ಆಗಲಿಲ್ಲ.

ಮೇಸ್ತ್ರಿ ಎಂದರೆ ಇಟ್ಟಿಗೆ ಗಾರೆಯವನಲ್ಲ. ಇಪ್ಪತ್ತೆಂಟು ವರ್ಷದಿಂದ ಆ ಬೇಕರಿಯಲ್ಲಿ ಕೇಕು ಕಟ್ಟುತ್ತಿದ್ದವನು. ಮೂರಂತಸ್ತು, ನಾಲ್ಕಂತಸ್ತು ಎಬ್ಬಿಸಿ ಮೇಲೆ ಕಂಬ, ಕಮಾನು, ಬಳ್ಳಿ ಎಲ್ಲ ಕೂರಿಸುವವನನ್ನು ಮೇಸ್ತ್ರಿ ಅನ್ನದೆ ಇನ್ನೇನಂತ ಕರೆಯುವುದು? ಆವತ್ತೂ ಒಂದು ಮದುವೆ ಕೇಕಿನ ಎರಡನೇ ಅಂತಸ್ತಿಗೆ ಐಸಿಂಗ್ ಬಳಿಯುತ್ತಿದ್ದ. ಅಷ್ಟರಲ್ಲಿ ಓನರಮ್ಮ ಹೊಸ ಮೀಟರಿನ ಡಬ್ಬಿ ಹಿಡಿದು ಬಂದಿದ್ದಳು. ಆ ವಾರವಷ್ಟೇ ಡಾಕ್ಟರು ಆಕೆಗೆ ಸಕ್ಕರೆ ಕಾಯಿಲೆಯ ಶುರು ಎಂದಿದ್ದರು. ಸೂಜಿ ಕಂಡರೆ ಜೀವ ಹೋಗುತ್ತದೆ, ನೀವು ಮೊದಲು ತೋರಿಸಿಕೊಡಿ ಎಂದು ದುಂಬಾಲು ಬಿದ್ದಳು. ಆ ವಿಷಯದಲ್ಲಿ ಬೇಕರಿಗೆಲ್ಲ ಪಂಡಿತ ಮೇಸ್ತ್ರಿಯೇ ತಾನೆ. ಮಗಳಿಗೆ ಒಂಬತ್ತನೇ ವಯಸ್ಸಿನಿಂದ ಆ ಕಾಯಿಲೆ. ಹದಿಮೂರು ವರ್ಷದಲ್ಲಿ ಆ ಪುಟ್ಟ ಸೂಜಿಯನ್ನು ಎಷ್ಟು ಸಾವಿರ ಸಲ ಒತ್ತಿದ್ದಾನೋ ಅವನಿಗೇ ಗೊತ್ತಿಲ್ಲ. "ಅಯ್ಯೋ ಇದೇನ್ ಮಹಾ," ಎಂದು ಕೋನ್ ಕೆಳಗಿಟ್ಟು, ಕೈಯನ್ನು ಏಪ್ರನ್ನಿಗೆ ಒರೆಸಿ, ತನ್ನದೇ ಬೆರಳು ಚುಚ್ಚಿ ತೋರಿಸಿದ್ದ.

"ಇಪ್ಪತ್ತೆಂಟು ವರ್ಷ ಸಕ್ಕರೇಲೇ ಹೊರಳಾಡಿದೀರಿ, ಅದು ನಿಮ್ಮನ್ನ ಸುಮ್ನೆ ಬಿಡುತ್ತಾ?" ಎಂದ ಭಟ್ಟಿಯಣ್ಣ. ಬ್ರೆಡ್ಡು ಸುಡುವ ಕೆಲಸ ಅವನದು. ಬಾಯಿಗೂ ಬೀಗವಿಲ್ಲ.

ಓನರಮ್ಮ ಡಬ್ಬಿಯೊಳಗಿನ ಕಾಗದ ಬಿಡಿಸಿ ಕನ್ನಡಕ ಏರಿಸಿದಳು. "ತಡೀರಿ, ತಡೀರಿ. ಮೊದಲು ಸೋಪ್ ಹಾಕಿ ಕೈ ತೊಳೀಬೇಕು ಅಂತ ಬರೆದಿದಾರಲ್ರೀ. ನೀವು ತೊಳೆದ್ರಾ?"

ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಬೆಳ್ಳಗೆ ಐಸಿಂಗ್ ಸಕ್ಕರೆ. ನಲ್ಲಿಯ ಹತ್ತಿರ ಹೋದ, ಸೋಪು ಹಚ್ಚಿ ಉಜ್ಜಿ ತೊಳೆದ, ಒರೆಸಿದ, ಇನ್ನೊಂದು ಬೆರಳು ಚುಚ್ಚಿದ. ತೊಂಬತ್ತೆಂಟು.

ಎಲ್ಲರೂ ಗೊಳ್ಳೆಂದು ನಕ್ಕರು. "ನೋಡಿದ್ರಾ, ಮೇಸ್ತ್ರಿ ರಕ್ತ ಸರಿಯಾಗೇ ಇದೆ, ಚರ್ಮ ಮಾತ್ರ ಸಿಹಿ," ಎಂದ ಭಟ್ಟಿಯಣ್ಣ. ಓನರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೇಸ್ತ್ರಿ ಮಾತ್ರ ನಲ್ಲಿಯ ಹತ್ತಿರವೇ ನಿಂತಿದ್ದ. ಒಂದು ನಿಮಿಷ ಕಳೆದ ಮೇಲೆ ಹಿಂದಿನ ಕೋಣೆಗೆ ಹೋಗಿ ಮೈದಾ ಮೂಟೆಯ ಮೇಲೆ ಕೂತುಬಿಟ್ಟ. ಐದು ವಾರದ ಹಿಂದಿನ ಒಂದು ಭಾನುವಾರದ ಬೆಳಗು, ಅದರ ಒಂದೊಂದು ನಿಮಿಷವೂ, ಅವನ ಕಣ್ಣ ಮುಂದೆ ಬಂದು ನಿಂತಿತು.

ಮಗಳನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತಾರೆ. ಆ ಹೆಸರಿಟ್ಟವನೂ ಇವನೇ. ಒಂಬತ್ತು ವರ್ಷದ ಹುಡುಗಿ ಎರಡು ತಿಂಗಳಲ್ಲಿ ಇಳಿದು ಇಳಿದು ಕಡ್ಡಿಯಾದಾಗ, ಏನೂ ಅರಿಯದ ಅಪ್ಪ ತಮಾಷೆಗೆ ಹಾಗೆ ಕರೆದಿದ್ದ. ಆಮೇಲೆ ತಾನೆ ಆಸ್ಪತ್ರೆ, ಇನ್ಸುಲಿನ್ನು, ಎಲ್ಲ ಶುರುವಾದದ್ದು. ಹೆಸರು ಮಾತ್ರ ಉಳಿದುಕೊಂಡಿತು. ಈಗ ಅವಳಿಗೆ ಇಪ್ಪತ್ತೆರಡು, ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಎರಡು ಕಣ್ಣಿನ ನಡುವಿನ ಅಂತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ಹುಡುಗಿ, ತನ್ನ ತಟ್ಟೆಯ ಊಟವನ್ನೂ ಗ್ರಾಮ್ ಲೆಕ್ಕದಲ್ಲಿ ತೂಗುತ್ತಿದ್ದಳು. ಎರಡು ವರ್ಷದಿಂದ ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ ಎಲ್ಲ ಬಂದ್. ಮೊಟ್ಟೆ, ಮೀನು, ಸೊಪ್ಪು, ಬಾದಾಮಿ, ಚೀಸು. ಹೊಟ್ಟೆಗೆ ಪಿಷ್ಟ ಕಡಿಮೆ ಹೋದರೆ ಇನ್ಸುಲಿನ್ನೂ ಕಡಿಮೆ ಸಾಕು, ಮೈಯಲ್ಲಿ ಇನ್ಸುಲಿನ್ ಕಡಿಮೆ ಇದ್ದರೆ ಓಡುವಾಗ ಶುಗರ್ ದಬಕ್ಕನೆ ಕುಸಿಯುವುದಿಲ್ಲ. ಇದು ಅವಳ ಲೆಕ್ಕ. ಡಾಕ್ಟರಮ್ಮನೂ ಮೂರು ತಿಂಗಳಿಗೊಮ್ಮೆ ರಕ್ತ ನೋಡಿ ಸರಿ ಎಂದಿದ್ದರು. ಐದು ಕಿಲೋಮೀಟರಿನಿಂದ ಹತ್ತಕ್ಕೆ, ಹತ್ತರಿಂದ ಹದಿನೈದಕ್ಕೆ ಏರಿಸಿಕೊಂಡು ಬಂದಿದ್ದಳು. ಒಮ್ಮೆಯೂ ಬಿದ್ದವಳಲ್ಲ.

ಮೇಸ್ತ್ರಿಗೆ ಮಾತ್ರ ಆ ಊಟ ಸರಿಬರಲಿಲ್ಲ. "ಸೊಪ್ಪು ತಿಂದು ಓಡೋಕೆ ನೀನೇನು ಕುದುರೆನಾ?" ಎಂದು ಆಡಿಕೊಳ್ಳುತ್ತಿದ್ದ. ಅವಳು ನಗುತ್ತಿದ್ದಳು. ಮೇಲುಮೇಲಕ್ಕೆ ಅದು ತಮಾಷೆಯೇ. ಆದರೆ ಒಳಗೊಳಗೇ ಅವನಿಗೊಂದು ನೋವಿತ್ತು. ಊರಿನವರೆಲ್ಲ ಬಾಯಿ ಚಪ್ಪರಿಸಿಕೊಂಡು ತಿನ್ನುವ ಕೈಯಡುಗೆ ಇವನದು, ಮನೆಯ ಒಬ್ಬಳೇ ಮಗಳಿಗೆ ಅದು ಬೇಡ. ಮೊದಲಾದರೂ ಇನ್ಸುಲಿನ್ ಜಾಸ್ತಿ ತೆಗೆದುಕೊಂಡು ಅಪರೂಪಕ್ಕೊಂದು ತುಂಡು ತಿನ್ನುತ್ತಿದ್ದಳು. ಈಗ ಅದೂ ಇಲ್ಲ. ಅವನು ಕಟ್ಟಿಕೊಂಡು ತಂದ ಪೊಟ್ಟಣ ಪಕ್ಕದ ಮನೆಗೆ ಹೋಗುತ್ತಿತ್ತು.

ಹಾಗಂತ ಅಪ್ಪ ಮಗಳಿಗೆ ಜಗಳವೇನಿರಲಿಲ್ಲ. ಬೆರಳು ಚುಚ್ಚುವುದು ಮೊದಲಿನಿಂದಲೂ ಅಪ್ಪನ ಖಾತೆ. ಅವಳು ದೊಡ್ಡವಳಾದ ಮೇಲೆ ತಾನೇ ಚುಚ್ಚಿಕೊಳ್ಳತೊಡಗಿದಳು, ತೋಳಿಗೆ ಅಂಟಿಸಿದರೆ ತಾನೇ ಶುಗರ್ ತೋರಿಸುವ ಸೆನ್ಸರ್ ಬಂದ ಮೇಲೆ ಚುಚ್ಚುವುದೇ ಕಡಿಮೆಯಾಯಿತು. ಆದರೂ ಪರೀಕ್ಷೆಯ ದಿನ, ಕೆಲಸಕ್ಕೆ ಸೇರಿದ ದಿನ, ಓಟದ ದಿನ ಬೆರಳನ್ನು ಅಪ್ಪನ ಕೈಗೇ ಕೊಡುತ್ತಿದ್ದಳು. ಅಪ್ಪ ಚುಚ್ಚಿದರೆ ಒಳ್ಳೆಯದಾಗುತ್ತದೆ ಎಂದು ಅವರಿಬ್ಬರೇ ಮಾಡಿಕೊಂಡ ಒಂದು ನಂಬಿಕೆ. ಅಮ್ಮ ಅದಕ್ಕೆ "ಅಪ್ಪ ಮಗಳ ಹುಚ್ಚು" ಎನ್ನುತ್ತಿದ್ದಳು.

ಆ ಭಾನುವಾರ ಇಪ್ಪತ್ತೊಂದು ಕಿಲೋಮೀಟರ್ ಓಟ. ಅವಳ ಮೊದಲನೆಯದು. ಓಟದ ಸಂಘಕ್ಕೆ ಹತ್ತು ವರ್ಷ ತುಂಬಿತ್ತೆಂದು ಒಂದು ದೊಡ್ಡ ಕೇಕಿಗೆ ಹೇಳಿದ್ದರು, ಅದನ್ನು ಮಾಡಿದವನು ಮೇಸ್ತ್ರಿಯೇ. ಮಗಳು ಓಡುವ ಓಟಕ್ಕೆ ತನ್ನ ಕೇಕು! ಬೆಳಗಿನ ಆರಕ್ಕೆ ಮೈದಾನದ ಟೆಂಟಿನಲ್ಲಿ ಅದನ್ನು ಇಳಿಸಿ, ದಾರಿಯಲ್ಲಿ ಬಿರುಕು ಬಿಟ್ಟ ಅಂಚನ್ನು ಬೆರಳಿನಿಂದಲೇ ಸವರಿ ಸರಿಮಾಡಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಕೈಯನ್ನು ಒಂದು ಬಟ್ಟೆಗೆ ಒರೆಸಿಕೊಂಡು ಓಡಿ ಬಂದಿದ್ದ. ಓಟ ಶುರುವಾಗಲು ಕಾಲು ಗಂಟೆಯಿತ್ತು. ಹಳೇ ಸೆನ್ಸರಿನ ಅವಧಿ ಹಿಂದಿನ ಸಂಜೆ ಮುಗಿದಿತ್ತು. ಹೊಸದು ಮೊದಲ ದಿನ ಸರಿಯಾಗಿ ತೋರಿಸುವುದಿಲ್ಲ, ಓಟ ಮುಗಿಸಿ ಹಾಕಿಕೊಳ್ಳುತ್ತೇನೆ ಎಂದಿದ್ದಳು ಕಡ್ಡಿ.

ಚಳಿಯಿತ್ತು. ಅವಳು ಒದ್ದೆ ಬಟ್ಟೆಯಿಂದ ತನ್ನ ಬೆರಳನ್ನು ಚೆನ್ನಾಗಿ ಒರೆಸಿಕೊಂಡೇ ಕೈ ಚಾಚಿದಳು. ಅವಳದು ಎಲ್ಲ ಕ್ರಮವೇ. ಆದರೆ ಬೆರಳು ಮಂಜುಗಡ್ಡೆ. ಚುಚ್ಚಿದರೂ ರಕ್ತ ಬರಲೊಲ್ಲದು. ಆಗ ಮೇಸ್ತ್ರಿ ಆ ಬೆರಳನ್ನು ತನ್ನ ಎರಡೂ ಅಂಗೈಯಲ್ಲಿಟ್ಟು ಬಿಸಿಯಾಗುವಂತೆ ಉಜ್ಜಿದ. ಬುಡದಿಂದ ತುದಿಯವರೆಗೆ ಮೆಲ್ಲಗೆ ಒತ್ತಿ ಒತ್ತಿ ಒಂದು ಹನಿ ತಂದ.

ಇನ್ನೂರ ಎಂಬತ್ತಾರು.

"ಸಾಧ್ಯಾನೇ ಇಲ್ಲ," ಎಂದಳು ಕಡ್ಡಿ. "ಎರಡು ಮೊಟ್ಟೆ, ನಾಕು ಬಾದಾಮಿ ತಿಂದಿದೀನಿ ಅಷ್ಟೇ. ಇನ್ನೊಂದ್ಸಲ ನೋಡೋಣ ಅಪ್ಪ."

"ಟೆನ್ಶನ್‌ಗೆ ಏರಿರುತ್ತೆ ಕಣೇ. ಹೋದ ಓಟದಲ್ಲೂ ಏರಿರ್ಲಿಲ್ವಾ?"

"ಆವಾಗ ಇನ್ನೂರ ಹತ್ತು. ಓಡ್ತಾ ಓಡ್ತಾ ತಾನೇ ಇಳೀತು."

"ಇದು ಇನ್ನೂರ ಎಂಬತ್ತಾರು. ಇಷ್ಟಿಟ್ಕೊಂಡು ಓಡಿದ್ರೆ ಅರ್ಧ ದಾರೀಲೇ ಕಾಲು ಬಿದ್ದೋಗುತ್ತೆ. ಮೂರು ಯೂನಿಟ್ ತಗೋ."

"ಒಂದು ಸಾಕಪ್ಪ."

"ಎರಡು ತಗೋ. ನನ್ ಮಾತು ಕೇಳು."

ಮೈಕಿನಲ್ಲಿ ಎಲ್ಲರನ್ನೂ ಗೆರೆಯ ಹತ್ತಿರ ಕರೆಯುತ್ತಿದ್ದರು. ಅವಳು ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಆಮೇಲೆ ಇನ್ಸುಲಿನ್ ಪೆನ್ನನ್ನು ಎರಡಕ್ಕೆ ತಿರುಗಿಸಿ, ಅವನಿಗೆ ತೋರಿಸಿ, ಹೊಟ್ಟೆಗೆ ಚುಚ್ಚಿಕೊಂಡಳು. ಎಂಟನೇ ಕಿಲೋಮೀಟರಿನ ಹತ್ತಿರ ಸೊಂಟದ ಚೀಲದಿಂದ ಗ್ಲೂಕೋಸ್ ಮಾತ್ರೆ ತೆಗೆಯಲು ಹೋದಳಂತೆ. ಜಿಪ್ಪು ಕೈಗೆ ಸಿಗಲಿಲ್ಲವಂತೆ. ಹಾಗೇ ಮುಗ್ಗರಿಸಿ ರಸ್ತೆಯ ಅಂಚಿನ ಕಲ್ಲಿನ ಮೇಲೆ ಬಿದ್ದಳು. ಕತ್ತಿನ ಕೆಳಗಿನ ಮೂಳೆ ಮುರಿಯಿತು, ಮುಂದಿನ ಹಲ್ಲಿನ ಒಂದು ಚೂರು ಹೋಯಿತು. ಆಂಬುಲೆನ್ಸಿನವರು ನೋಡಿದಾಗ ಶುಗರ್ ಮೂವತ್ತೊಂದು. ಮೈಯೆಲ್ಲ ಅದುರುತ್ತಿತ್ತಂತೆ. ಹಿಂದಿನಿಂದ ಬಂದ ಒಬ್ಬ ಹೆಂಗಸು ತನ್ನ ಓಟ ಬಿಟ್ಟು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಆಸ್ಪತ್ರೆಯಲ್ಲಿ ಅಮ್ಮ ಹಾಸಿಗೆಯ ಪಕ್ಕ ನಿಂತು ಗೋಳಾಡಿದಳು. "ಹೊಟ್ಟೆಗಿಲ್ದೆ ಓಡಿದ್ರೆ ಇನ್ನೇನಾಗುತ್ತೆ?" ಮೇಸ್ತ್ರಿ ಅದಕ್ಕೆ ತನ್ನದೂ ಒಂದು ಸೇರಿಸಿದ್ದ. "ನಾನ್ ಬಡ್ಕೊಂಡೆ. ಯಾರ್ ಕೇಳ್ತಾರೆ ನನ್ ಮಾತು?" ಅರ್ಧ ತುಟಿ ಊದಿಕೊಂಡು ಮಲಗಿದ್ದ ಮಗಳ ಎದುರೇ ಅಂದಿದ್ದ. ಡಾಕ್ಟರಮ್ಮ ಮಾತ್ರ ಹಣೆ ಗಂಟಿಕ್ಕಿದ್ದರು. ಇನ್ನೂರ ಎಂಬತ್ತಾರು ಇದ್ದವಳು ಎರಡೇ ಯೂನಿಟ್ಟಿಗೆ, ಐವತ್ತು ನಿಮಿಷದಲ್ಲಿ ಮೂವತ್ತೊಂದಕ್ಕೆ ಹೇಗೆ ಇಳಿದಳು? ಲೆಕ್ಕ ಕೂಡುವುದಿಲ್ಲ. ಯಾಕೆ ಹೀಗಾಯಿತೆಂದು ಗೊತ್ತಾಗುವವರೆಗೂ ಓಟ ಬೇಡ, ಊಟವನ್ನೂ ಮೊದಲಿನಂತೆ ಮಾಡಿ ನೋಡೋಣ ಎಂದು ಚೀಟಿ ಬರೆದರು.

ಮೈದಾ ಮೂಟೆಯ ಮೇಲೆ ಕೂತ ಮೇಸ್ತ್ರಿಗೆ ಈಗ ಲೆಕ್ಕ ಕೂಡಿತ್ತು. ಇನ್ನೂರ ಎಂಬತ್ತಾರು ಅವಳ ರಕ್ತದಲ್ಲಿರಲಿಲ್ಲ, ಇವನ ಅಂಗೈಯಲ್ಲಿತ್ತು. ಅವಳದು ನೂರೋ ನೂರಿಪ್ಪತ್ತೋ ಇದ್ದಿರಬೇಕು. ಏನೂ ಬೇಡದವಳಿಗೆ ಎರಡು ಯೂನಿಟ್ ಹಾಕಿಸಿ ಓಡಲು ಬಿಟ್ಟಿದ್ದ. ಹಾಕಿಸಿದ್ದೇನು, ಹಟ ಹಿಡಿದು ಹಾಕಿಸಿದ್ದ. ಇನ್ನೊಂದು ಸಲ ನೋಡೋಣ ಎಂದವಳ ಬಾಯಿ ಮುಚ್ಚಿಸಿದ್ದ.

ಯಾಕೆ ನೋಡಲಿಲ್ಲ? ಸ್ಟ್ರಿಪ್ಪು ಬೇಕಾದಷ್ಟಿತ್ತು, ಅರ್ಧ ನಿಮಿಷದ ಕೆಲಸ. ಅದಕ್ಕೆ ಉತ್ತರವೂ ಅವನಿಗೆ ಗೊತ್ತಿತ್ತು, ಅದೇ ಅವನನ್ನು ಹೆಚ್ಚು ಸುಟ್ಟಿತು. ಆ ಸಂಖ್ಯೆ ನೋಡಿದಾಗ ಅವನಿಗೆ ಒಂದು ಚಿಟಿಕೆ ಖುಷಿಯಾಗಿತ್ತು. ಎಲ್ಲಿ ಹೋಯಿತು ನಿನ್ನ ಸೊಪ್ಪು, ನಿನ್ನ ಗ್ರಾಮು, ಎನ್ನುವಂಥ ಖುಷಿ. ಹೆತ್ತ ಮಗಳ ಶುಗರ್ ಏರಿದ್ದಕ್ಕೆ ಖುಷಿಪಟ್ಟ ಅಪ್ಪ ಎಲ್ಲಾದರೂ ಉಂಟೇ? ಇಲ್ಲೊಬ್ಬನಿದ್ದ, ಮೈದಾ ಮೂಟೆಯ ಮೇಲೆ.

ಸಂಜೆ ಮನೆಗೆ ಹೋದವನೇ ಹೇಳಿಬಿಡಬೇಕು ಎಂದುಕೊಂಡು ಹೊರಟ. ಬಾಗಿಲು ತೆಗೆದವಳು ಹೆಂಡತಿ. "ಬನ್ನಿ ಬನ್ನಿ, ಕೈಯಲ್ಲಿ ಬ್ರೆಡ್ಡಿದೆಯಾ? ಇವಳು ಇವತ್ತು ಎರಡು ತುಂಡು ತಿಂದ್ಲು," ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು. ಕಡ್ಡಿ ಒಂದು ತೋಳನ್ನು ಜೋಳಿಗೆಯಲ್ಲಿ ನೇತುಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಅವಳ ದಾಖಲೆಯ ಪುಸ್ತಕ. ಎರಡು ವರ್ಷದ ಒಂದೊಂದು ಸಂಖ್ಯೆಯೂ ಅದರಲ್ಲಿತ್ತು. ಮೇಸ್ತ್ರಿ ಬ್ರೆಡ್ಡಿನ ಪೊಟ್ಟಣವನ್ನು ಹೆಂಡತಿಯ ಕೈಗಿಟ್ಟ. ನಾಳೆ ಹೇಳಿದರಾಯಿತು ಎಂದುಕೊಂಡ.

ನಾಳೆಗೇನು ಬರವೇ? ಒಂದರ ಹಿಂದೆ ಒಂದು ಬಂದವು, ಒಂದೊಂದಕ್ಕೂ ಒಂದೊಂದು ಸಬೂಬು. ಅವಳಿಗೆ ಇವತ್ತು ನೋವು ಜಾಸ್ತಿ, ಇವತ್ತು ಬೇಡ. ಇವತ್ತು ನಗುತ್ತಿದ್ದಾಳೆ, ಯಾಕೆ ಕೆಡಿಸಬೇಕು. ಮೂಳೆ ಕೂಡದೆ ಹೇಗೂ ಓಡುವಂತಿಲ್ಲ, ಆಮೇಲೆ ಹೇಳಿದರೆ ಏನು ನಷ್ಟ. ನಷ್ಟ ಕಣ್ಣೆದುರಿಗೇ ಇತ್ತು. ಅವನು ತಂದ ಬ್ರೆಡ್ಡು ತಿಂದ ಒಂದು ಗಂಟೆಗೆ ಅವಳ ಶುಗರ್ ಮುನ್ನೂರು ದಾಟುತ್ತಿತ್ತು, ಇನ್ಸುಲಿನ್ ತೆಗೆದುಕೊಂಡರೆ ಅರವತ್ತಕ್ಕೆ ಬೀಳುತ್ತಿತ್ತು. ದಿನವಿಡೀ ಏರಿಳಿತ. ಎರಡು ಸಲ ವಾಂತಿಯಾಯಿತು. ಮೊದಲೆಲ್ಲ ಬೆಳಗ್ಗೆ ಐದಕ್ಕೇ ಎದ್ದು ಬೂಟು ಕಟ್ಟುತ್ತಿದ್ದ ಹುಡುಗಿ ಎಂಟಾದರೂ ಮುಸುಕು ಹಾಕಿ ಮಲಗಿರುತ್ತಿದ್ದಳು.

"ನನ್ ಮೈಯೇ ನಂಗೆ ಸುಳ್ಳು ಹೇಳುತ್ತೆ ಅಂತಾದ್ರೆ ಯಾವುದನ್ನ ನಂಬ್ಲಿ ಅಮ್ಮ?" ಎಂದು ಒಂದು ಸಂಜೆ ಅಮ್ಮನ ಹತ್ತಿರ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು. ಆ ಮಾತು ಕೇಳಿದ ಮೇಲಾದರೂ ಹೇಳಬಾರದಿತ್ತೇ? ಕಾಲು ಬಾಗಿಲ ತನಕ ಹೋಯಿತು, ಒಳಗೆ ಹೋಗಲಿಲ್ಲ.

ಏಳನೆಯದೋ ಎಂಟನೆಯದೋ ದಿನ, ಅಮ್ಮ ಅಂಗಡಿಗೆ ಹೋಗಿದ್ದಾಗ, ಕಡ್ಡಿ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅವನು ತರಕಾರಿ ಹೆಚ್ಚುತ್ತಿದ್ದ.

"ಅಪ್ಪ, ಒಂದು ಕೇಳ್ತೀನಿ. ಆವತ್ತು ನಾನು ಪೆನ್ನನ್ನ ಎಷ್ಟಕ್ಕೆ ತಿರುಗಿಸಿದ್ದೆ? ನೀನು ನೋಡಿದ್ಯಲ್ಲ?"

ಚಾಕು ನಿಂತಿತು. ಎರಡು. ಅವನ ಕಣ್ಣಿಗೆ ಕಟ್ಟಿದಂತಿತ್ತು ಆ ಎರಡು. ಎರಡು ಎಂದರೆ ಅವಳು ಮುಂದಿನದನ್ನು ಕೇಳುತ್ತಾಳೆ. ಹಾಗಾದರೆ ತಪ್ಪೆಲ್ಲಿ ಎಂದು ಕೇಳುತ್ತಾಳೆ.

"ಸರಿಯಾಗಿ ನೆನಪಿಲ್ಲ ಕಣೇ," ಎಂದ.

"ಎರಡು ಅಂತ ಬರ್ಕೊಂಡಿದೀನಿ. ಆದ್ರೆ ಅವಸರದಲ್ಲಿ ಹನ್ನೆರಡಕ್ಕೆ ತಿರುಗಿಸಿದ್ನೋ ಏನೋ. ಎರಡೇ ಆಗಿದ್ರೆ ಹೀಗಾಗಲ್ವಲ್ಲ."

"ಗದ್ದಲದಲ್ಲಿ ಯಾರು ನೋಡ್ತಾರೆ," ಎಂದು ಅವನು ಮತ್ತೆ ಹೆಚ್ಚತೊಡಗಿದ. ಅವಳು ಪುಸ್ತಕ ಮುಚ್ಚಿಕೊಂಡು ಹೋದಳು. ಮೇಸ್ತ್ರಿಗೆ ತನ್ನ ಮೇಲೇ ಅಸಹ್ಯವಾಯಿತು. ಅದುವರೆಗೂ ಅವನು ಹೇಳಿರಲಿಲ್ಲ, ಅಷ್ಟೇ. ಈಗ ಸುಳ್ಳು ಹೇಳಿದ್ದ. ಬೇಕರಿಯಲ್ಲಿ ಒಂದು ಮಗುವಿನ ಹುಟ್ಟುಹಬ್ಬದ ಕೇಕಿನ ಮೇಲೆ ಹೆಸರನ್ನೇ ತಪ್ಪು ಬರೆದ. ಭಟ್ಟಿಯಣ್ಣ, "ಏನ್ ಮೇಸ್ತ್ರಿ, ಈ ವಯಸ್ಸಲ್ಲಿ ಯಾರನ್ನ ನೆನೆಸ್ಕೊಳ್ತಿದೀರಿ?" ಎಂದು ಕಿಚಾಯಿಸಿದ. ಇವನು ಬೈಯಲೂ ಇಲ್ಲ.

ಹನ್ನೊಂದನೇ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಮೂಳೆ ಕೂಡಿದೆ, ಜೋಳಿಗೆ ತೆಗೆಯಬಹುದು ಎಂದರು ಮೂಳೆ ಡಾಕ್ಟರು. ಅಲ್ಲಿಂದ ಡಾಕ್ಟರಮ್ಮನ ಕೋಣೆಗೆ. ಅಮ್ಮ ಔಷಧಿಯ ಸಾಲಿನಲ್ಲಿ ನಿಂತಿದ್ದಳು, ಒಳಗೆ ಹೋದದ್ದು ಅಪ್ಪ ಮಗಳು ಇಬ್ಬರೇ. ಗೋಡೆಗೆ ಮೂತ್ರಪಿಂಡದ ಚಿತ್ರ, ಮೇಜಿನ ಮೇಲೆ ರಬ್ಬರಿನ ಒಂದು ಪಾದ. ಡಾಕ್ಟರಮ್ಮ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿದರು. ಎರಡು ವರ್ಷ ನೆಟ್ಟಗಿದ್ದ ಸಂಖ್ಯೆಗಳು ಆರು ವಾರದಿಂದ ಕುಣಿಯುತ್ತಿದ್ದವು. ಇನ್ನೂರ ಎಂಬತ್ತಾರರ ಸುತ್ತ ಕಡ್ಡಿ ಪೆನ್ನಿನಲ್ಲಿ ಎಷ್ಟು ಸಲ ಸುತ್ತು ಬರೆದಿದ್ದಳೆಂದರೆ ಅಲ್ಲಿ ಹಾಳೆ ಹರಿದಿತ್ತು.

"ಕಾರಣ ಏನಾದ್ರೂ ಹೊಳೀತಾ?" ಎಂದರು.

ಕಡ್ಡಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಮನೆಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡು ಬಂದವಳೆಂದು ಅವನಿಗೆ ಗೊತ್ತಾಯಿತು. "ಹೊಳೀತು ಡಾಕ್ಟ್ರೇ. ತಪ್ಪು ನಂದೇ. ಎರಡು ಅಂದ್ಕೊಂಡು ಹನ್ನೆರಡಕ್ಕೆ ತಿರುಗಿಸಿರ್ಬೇಕು. ಅಪ್ಪ ಪಕ್ಕದಲ್ಲೇ ಇದ್ರು, ಅವರಿಗೂ ಎಷ್ಟು ಅಂತ ನೆನಪಿಲ್ಲ. ಎರಡು ಅಂತ ನಾನೇ ಸುಳ್ಳು ಬರ್ಕೊಂಡಂಗಾಯ್ತು."

ಡಾಕ್ಟರಮ್ಮ ಕನ್ನಡಕ ತೆಗೆದರು. ಮಾತು ಮೆತ್ತಗಿತ್ತು. "ಹಾಗಿದ್ರೆ ಇನ್ನು ಮುಂದೆ ನೀನೊಬ್ಳೇ ಪೆನ್ನು ತಿರುಗಿಸೋದು ಬೇಡಮ್ಮ. ಪ್ರತಿ ಸಲ ಅಮ್ಮನಿಗೆ ತೋರಿಸು. ಕೆಲಸದಲ್ಲೂ ಯಾರಿಗಾದ್ರೂ ಹೇಳಿಡು. ಓಟ ಅಂತೂ…" ಅಲ್ಲಿಗೆ ನಿಲ್ಲಿಸಿ ತಲೆಯಾಡಿಸಿದರು. ಕಡ್ಡಿ ಹೂಂ ಎಂದಳು. ಬಾಡಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಅಳಲಿಲ್ಲ. ಅತ್ತಿದ್ದರೆ ಮೇಸ್ತ್ರಿ ಇನ್ನೊಂದು ದಿನ ಸುಮ್ಮನಿರುತ್ತಿದ್ದನೋ ಏನೋ, ಸಮಾಧಾನ ಮಾಡುವ ನೆಪದಲ್ಲಿ ಪಾರಾಗುತ್ತಿದ್ದನೋ ಏನೋ.

"ಎರಡೇ," ಎಂದ.

ಇಬ್ಬರೂ ತಿರುಗಿ ನೋಡಿದರು.

"ಪೆನ್ನು ಎರಡಕ್ಕೇ ಇತ್ತು. ನಂಗೆ ತೋರಿಸೇ ಚುಚ್ಕೊಂಡ್ಲು. ಎರಡೇ." "ಅವಳು ಏನೂ ತಪ್ಪು ಮಾಡಿಲ್ಲ ಡಾಕ್ಟ್ರೇ. ನನ್ ಕೈ. ಕೇಕಿಗೆ ಸಕ್ಕರೆ ಹಾಕಿ ಹಂಗೇ ಬಂದಿದ್ದೆ, ತೊಳೆದಿರ್ಲಿಲ್ಲ. ಆ ಕೈಯಲ್ಲಿ ಅವಳ ಬೆರಳು ಉಜ್ಜಿದೆ. ಅವಳು ಇನ್ನೊಂದ್ಸಲ ನೋಡೋಣ ಅಂದ್ಲು. ನಾನೇ ಬೇಡ ಅಂದೆ. ಒಂದು ಸಾಕು ಅಂದ್ಲು. ನಾನೇ ಎರಡು ಅಂದೆ."

ಡಾಕ್ಟರಮ್ಮ ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಒಂದು ಚೀಟಿಯಲ್ಲಿ ಏನೋ ಗುಣಿಸಿ ಕಳೆದರು. "ನೂರಹದಿನೈದರ ಆಸುಪಾಸು ಇದ್ದಿರ್ಬೇಕು. ಈಗ ಲೆಕ್ಕ ಕೂಡುತ್ತೆ," ಎಂದರು. ಆಮೇಲೆ ಕಡ್ಡಿಯ ಕಡೆ ತಿರುಗಿ, "ನಿನ್ ಮೈಗೂ ಏನೂ ಆಗಿಲ್ಲ, ನಿನ್ ಊಟಕ್ಕೂ ಏನೂ ಆಗಿಲ್ಲ. ಇನ್ನೆರಡು ವಾರ ನಡಿ. ಆಮೇಲೆ ಸೆನ್ಸರ್ ಹಾಕ್ಕೊಂಡು ನಿಧಾನಕ್ಕೆ ಓಡು," ಎಂದರು.

ಕಡ್ಡಿ ಡಾಕ್ಟರಮ್ಮನನ್ನು ನೋಡುತ್ತಿರಲಿಲ್ಲ. "ಯಾವಾಗ ಗೊತ್ತಾಯ್ತು ಅಪ್ಪ ನಿಂಗೆ?"

"ಓನರಮ್ಮನ ಮೀಟರಲ್ಲಿ… ಹನ್ನೊಂದು ದಿನ ಆಯ್ತು."

ಅವಳು ಪುಸ್ತಕ ಎತ್ತಿಕೊಂಡು ಎದ್ದಳು. ಬಸ್ಸಿನ ನಿಲ್ದಾಣದವರೆಗೆ ಮೂವರೂ ನಡೆದರು. ಅಮ್ಮ ಔಷಧಿಯ ಚೀಲ ಹಿಡಿದು, ಏನಾಯಿತು, ಡಾಕ್ಟರು ಏನಂದರು, ಯಾಕೆ ಇಬ್ಬರೂ ಮೂಗರಂತೆ ಇದ್ದೀರಿ ಎಂದು ಕೇಳುತ್ತಲೇ ಇದ್ದಳು. ಬೆಂಚಿನ ಹತ್ತಿರ ಕಡ್ಡಿ ನಿಂತಳು.

"ಕೈ ತೊಳೀದೇ ಇದ್ದದ್ದು ಮರೆವು ಅಪ್ಪ. ಅದು ಯಾರಿಗಾದ್ರೂ ಆಗುತ್ತೆ, ನಂಗೇ ಆಗಬಹುದಿತ್ತು. ಆದ್ರೆ ನಾನು ಕೇಳಿದ್ನಲ್ಲ. ಅಡುಗೆಮನೇಲಿ ಬಂದು ನಿಂತ್ಕೊಂಡು, ಎಷ್ಟಕ್ಕೆ ತಿರುಗಿಸಿದ್ದೆ ಅಂತ ನಿನ್ನನ್ನೇ ಕೇಳಿದ್ನಲ್ಲ."

ಏನು ಹೇಳಿದರೂ ಅದು ಇನ್ನೊಂದು ಸಬೂಬೇ ಆಗುತ್ತಿತ್ತು.

ಮನೆಗೆ ಬಂದ ಮೇಲೆ ಅಮ್ಮನಿಗೆ ಎಲ್ಲ ಹೇಳಿದವನು ಅವನೇ. ಬೈಗುಳ ತಿನ್ನಬೇಕು ಎಂದೇ ಹೇಳಿದ. ಅವಳು ಬೈದಳು, ಚೆನ್ನಾಗಿಯೇ ಬೈದಳು. "ಏನ್ರೀ ಬಂದಿತ್ತು ನಿಮಗೆ? ಹನ್ನೊಂದು ದಿನ ಆ ಮಗು ಒದ್ದಾಡೋದನ್ನ ನೋಡ್ಕೊಂಡು ಅದಕ್ಕೇ ಬ್ರೆಡ್ಡು ತಂದ್ಕೊಟ್ರಲ್ರೀ!" ಬೈದು ಬೈದು ಸುಸ್ತಾದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾನೂ ಕಡಿಮೆಯವಳಲ್ಲ. ಹೊಟ್ಟೆಗಿಲ್ಲ, ಹೊಟ್ಟೆಗಿಲ್ಲ ಅಂತ ನಾನೇ ತುರುಕಿದ್ದು," ಎಂದು ಒಳಗೆ ಹೋದಳು. ಮರುದಿನ ಬೆಳಗ್ಗೆ ಎರಡು ಮೊಟ್ಟೆ ಬೇಯಿಸಿ ಮಗಳ ಮುಂದಿಟ್ಟಳು.

ಕಡ್ಡಿ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು ಮೇಸ್ತ್ರಿಗೆ. ಅಪ್ಪ, ಗ್ಯಾಸ್ ಬಂತು. ಅಪ್ಪ, ನಿನ್ನ ಫೋನು. ಅಷ್ಟು ಮಾತಾಡುತ್ತಿದ್ದಳು. ಅವನನ್ನು ಗೇಲಿ ಮಾಡುತ್ತಿರಲಿಲ್ಲ, ಅವನ ತಮಾಷೆಗೆ ನಗುತ್ತಲೂ ಇರಲಿಲ್ಲ. ಅವನೂ ತಮಾಷೆ ಮಾಡುವುದನ್ನು ಬಿಟ್ಟ. ತನ್ನ ಸಂಖ್ಯೆಗಳನ್ನು ಅವಳು ಅಮ್ಮನಿಗೆ ಹೇಳತೊಡಗಿದಳು. ಅಡುಗೆಮನೆಯಿಂದ ಮೆಲ್ಲಗೆ ಕೇಳಿಸುತ್ತಿತ್ತು: ನೂರ ನಾಲ್ಕು, ನೂರ ಇಪ್ಪತ್ತು, ತೊಂಬತ್ತೊಂಬತ್ತು. ಕುಣಿತ ನಿಂತಿತ್ತು. ಅವನು ಪೇಪರಿನ ಹಿಂದೆ ಕೂತು ಒಂದೊಂದನ್ನೂ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದ. ಅವನಿಗೆಂದು ಯಾರೂ ಹೇಳುತ್ತಿರಲಿಲ್ಲ.

ಎರಡು ವಾರ ಕಳೆದು ಒಂದು ಶನಿವಾರ ಬೆಳಗ್ಗೆ ಏಳಕ್ಕೆ ಅವಳು ಬೂಟು ಕಟ್ಟಿದಳು. ಅಮ್ಮ ಸ್ವೆಟರ್ ಹಾಕಿಕೊಂಡು, ಗ್ಲೂಕೋಸ್ ಡಬ್ಬಿ ಕೈಯಲ್ಲಿ ಹಿಡಿದು, ಯುದ್ಧಕ್ಕೆ ಹೊರಟವಳಂತೆ ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ಲಾ?" ಎಂದ ಮೇಸ್ತ್ರಿ.

"ಬೇಡ ಅಪ್ಪ," ಎಂದಳು ಕಡ್ಡಿ. ಸಿಟ್ಟಿನಲ್ಲೇನೂ ಅಲ್ಲ.

ಅವರು ಹೋದ ಮೇಲೆ ಅವನು ಐದು ನಿಮಿಷ ಕೂತ, ಎದ್ದ, ಮತ್ತೆ ಕೂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ರಸ್ತೆಯಿಂದ ಸುತ್ತಿ ಶಾಲೆಯ ಮೈದಾನಕ್ಕೆ ಹೋದ. ಒಳಗೆ ಹೋಗಲಿಲ್ಲ. ಗೇಟಿನಿಂದ ದೂರ, ತಂತಿ ಬೇಲಿಯ ಹೊರಗೆ ನಿಂತ. ಆಚೆ ತುದಿಯ ಕಲ್ಲು ಬೆಂಚಿನಲ್ಲಿ ಹೆಂಡತಿ ಕೂತಿದ್ದಳು. ಕಡ್ಡಿ ಓಡುತ್ತಿದ್ದಳು. ಒಂದು ಭುಜ ಸ್ವಲ್ಪ ಬಿಗಿ, ಹೆಜ್ಜೆ ಮೊದಲಿನಷ್ಟು ಹಗುರವಿರಲಿಲ್ಲ. ಆದರೂ ಓಡುತ್ತಿದ್ದಳು. ಮೇಸ್ತ್ರಿ ಸುತ್ತು ಎಣಿಸಿದ. ಒಂದು, ಎರಡು, ಮೂರು. ಅವನಿದ್ದ ಕಡೆಯಿಂದ ಹಾದುಹೋಗುವಾಗಲೆಲ್ಲ ಅವಳು ನೆಟ್ಟಗೆ ಮುಂದೆ ನೋಡುತ್ತಿದ್ದಳು. ಕಂಡಿಲ್ಲವೇನೋ ಎಂದುಕೊಂಡ. ಕಾಣದಿರಲು ಅಲ್ಲಿ ಅಡ್ಡಕ್ಕೆ ಒಂದು ಗಿಡವೂ ಇರಲಿಲ್ಲ.

ಐದನೇ ಸುತ್ತಿನ ತಿರುವಿನಲ್ಲಿ ಅವಳ ವೇಗ ಇಳಿಯಿತು. ಮೇಸ್ತ್ರಿ ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೂಗಬೇಕೆಂದರೆ ಏನೆಂದು ಕೂಗುವುದು, ಯಾವ ಬಾಯಲ್ಲಿ ಕೂಗುವುದು? ಅವಳು ನಡೆಯುತ್ತಲೇ ಮಣಿಕಟ್ಟು ಎತ್ತಿ ಗಡಿಯಾರ ನೋಡಿದಳು. ತೋಳಿನ ಸೆನ್ಸರ್ ಹೇಳುವುದೆಲ್ಲ ಅದರಲ್ಲಿ ಬರುತ್ತಿತ್ತು. ನೋಡಿ, ಕೈ ಇಳಿಸಿ, ಮತ್ತೆ ಓಡತೊಡಗಿದಳು. ಬೇಲಿಯ ಪಕ್ಕದಲ್ಲೇ ಬಂದಳು. ಅವಳ ಉಸಿರು ಕೇಳಿಸುವಷ್ಟು ಹತ್ತಿರ.

"ನೂರಹದಿನೆಂಟು," ಎಂದಳು. ತಿರುಗಿ ನೋಡಲಿಲ್ಲ, ನಿಲ್ಲಲೂ ಇಲ್ಲ. ಹಾಗೇ ಓಡಿಕೊಂಡು ಮುಂದಿನ ತಿರುವಿಗೆ ಹೋದಳು.

ಮೇಸ್ತ್ರಿ ಹಿಂದೆ ನೋಡಿದ, ಅತ್ತ ಇತ್ತ ನೋಡಿದ. ಬೇಲಿಯ ಈ ಕಡೆ ಅವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.